ಕಾಲು ಕೊಟ್ಟ ಮೇಲಿನ ಖರ್ಚು: ನನ್ನ ಅನುಭವ

ಹುಬ್ಬಳ್ಳಿಯಲ್ಲಿ ಕೃತಕ ಕಾಲು ಮಾಡುವ ಸಣ್ಣ ವರ್ಕ್‌ಶಾಪ್ ನನ್ನದು. ದಾನಿಗಳು ಪ್ರತಿ ಕಾಲಿಗೆ ಕೊಡುವ ದುಡ್ಡಿನಲ್ಲೇ ರಿಪೇರಿಗೆ, ಎರಡನೇ ಸಾಕೆಟ್‌ಗೆ (ಉಳಿದ ಕಾಲು ಕೂರುವ ಬಟ್ಟಲು), ಮತ್ತೆ ತೋರಿಸಲು ಬರುವವರ ಬಸ್ ಚಾರ್ಜಿಗೆ ಮೊದಲೇ ಪಾಲು ಎತ್ತಿಡುತ್ತೇನೆ. "ಏನ್ರೀ, ಕಾಲೂ ಕೊಟ್ಟು ಬಸ್ ಚಾರ್ಜೂ ನೀವೇ ಕೊಡೂದೇನ್ರಿ? ದಿವಾಳಿ ಆಗ್ತೀರಿ" ಎಂದವರು ಬಹಳ ಜನ. ಈಗ ಅವರಲ್ಲೇ ಕೆಲವರು ನನ್ನ ಲೆಕ್ಕದ ಪುಸ್ತಕ ನೋಡಲು ಬರುತ್ತಿದ್ದಾರೆ.

ಇದು ತಲೆಗೆ ಹೊಕ್ಕಿದ್ದು ಶ್ರೀಲಂಕಾದಲ್ಲಿ. 2009ರಲ್ಲಿ ಯುದ್ಧ ಮುಗಿದ ಮೇಲೆ ಉತ್ತರ ಭಾಗದ ನೆಲಬಾಂಬ್ ತೆಗೆಯಲು ಅಮೆರಿಕ, ಜಪಾನ್, ನಾರ್ವೆ, ನಮ್ಮ ಭಾರತ ಎಲ್ಲರೂ ದುಡ್ಡು ಹಾಕಿದರು. ನಾನು ಕೆಲವು ಕಾಲ ವವುನಿಯಾ ಕಡೆ ಕಾಲು ಮಾಡುತ್ತಿದ್ದೆ. ನೆಲಬಾಂಬ್ ತೆರವು, ಗಾಯಾಳುಗಳ ನೆರವು ಎರಡೂ ಸೇರಿದ ಕೆಲಸಕ್ಕೆ ಜಗತ್ತಿನಲ್ಲೇ ಜಾಸ್ತಿ ಕೊಟ್ಟಿರುವುದು ಅಮೆರಿಕ. ಗಾಯಾಳುಗಳಿಗೆಂದು 1989ರಲ್ಲೇ ಸೆನೆಟರ್ ಲೇಹಿ ಅವರ ಪ್ರಯತ್ನದಿಂದ ಅಲ್ಲಿ ಒಂದು ನಿಧಿ ಶುರುವಾಯಿತು. ಆದರೂ ಎಲ್ಲ ದೇಶಗಳ ದುಡ್ಡು ಕೂಡಿಸಿ ನೋಡಿದರೆ ಅರ್ಧಕ್ಕಿಂತ ಜಾಸ್ತಿ ನೆಲ ತೆರವಿಗೇ ಹೋಗುತ್ತದೆ. ಗಾಯಾಳುಗಳಿಗೆ ಹತ್ತರಲ್ಲಿ ಒಂದು ಪಾಲೂ ಸಿಗುವುದಿಲ್ಲ.

ತೆರವು ಬೇಡ ಅನ್ನುತ್ತಿಲ್ಲ. ಅದು ಮೊದಲು ಆಗಲೇಬೇಕು. ಆದರೆ ಒಂದು ಹೊಲವನ್ನು ಸರಿಯಾಗಿ ಒಮ್ಮೆ ತೆರವು ಮಾಡಿದರೆ ಆ ಹೊಲದ ಖರ್ಚು ಮುಗಿಯಿತು. ಕಾಲು ಹಾಗಲ್ಲ. ಬೆಳೆಯುವ ಮಗುವಿಗೆ ಆರು ತಿಂಗಳಿಗೊಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ಹೊಸದು ಬೇಕು. ಹತ್ತು ವರ್ಷಕ್ಕೆ ಕಾಲು ಕಳೆದುಕೊಂಡ ಹುಡುಗಿಗೆ ಜೀವನದಲ್ಲಿ ಎಷ್ಟು ಕಾಲು ಬೇಕು ಅಂತ ನೀವೇ ಲೆಕ್ಕ ಹಾಕಿ. ದುಡ್ಡು ಕೊಡುವವರ ವರದಿಯಲ್ಲಿ ಮಾತ್ರ "ಇಷ್ಟು ಕಾಲು ಕೊಟ್ಟೆವು" ಅಂತ ಒಂದೇ ಸಾಲು.

ನಮ್ಮ ಕಡೆ ನೆಲಬಾಂಬ್ ಇಲ್ಲ. ಸಕ್ಕರೆ ಕಾಯಿಲೆ, ಬೈಕ್ ಅಪಘಾತ, ರೈಲು. ಆದರೆ ಕತೆ ಒಂದೇ. ಶಿಬಿರದಲ್ಲಿ ಕಾಲು ಸಿಗುತ್ತದೆ, ಕೆಲವೇ ತಿಂಗಳಲ್ಲಿ ಸ್ಟಂಪ್ (ಕತ್ತರಿಸಿ ಉಳಿದ ಕಾಲಿನ ತುದಿ) ಇಳಿದು ಸಣ್ಣದಾಗುತ್ತದೆ, ಸಾಕೆಟ್ ಸಡಿಲವಾಗಿ ಹುಣ್ಣಾಗುತ್ತದೆ, ಕಾಲು ಅಟ್ಟ ಸೇರುತ್ತದೆ.

ನನ್ನ ಲೆಕ್ಕ ಹೀಗಿದೆ. ಬಿಕೆ (ಮೊಣಕಾಲಿನ ಕೆಳಗಿನ) ಕಾಲಿಗೆ ಸಾಮಾನು, ಕೂಲಿ ಸೇರಿ ಸುಮಾರು ಏಳು ಸಾವಿರ. ಎರಡನೇ ಸಾಕೆಟ್‌ಗೆ ಎರಡು ಸಾವಿರ, ಬೆಲ್ಟು ಮತ್ತು ಪಾದಕ್ಕೆ ಒಂದು ಸಾವಿರ, ಬಸ್ಸಿಗೆ ಐನೂರು. ಹತ್ತೂವರೆ ಸಾವಿರ ಆಯಿತು. ಅಂದರೆ ನೂರು ಕಾಲಿನ ದುಡ್ಡಿನಲ್ಲಿ ಅರವತ್ತಾರು ಕಾಲು. ಇದನ್ನು ಕೇಳಿದ ಮೊದಲ ದಾನಿಗಳು ಎದ್ದೇ ಹೋದರು. ಅವರಿಗೆ ಸಾಲಾಗಿ ಜೋಡಿಸಿದ ನೂರು ಕಾಲಿನ ಫೋಟೋ ಬೇಕಿತ್ತು. ಇನ್ನೊಬ್ಬರು ಒಪ್ಪಿ, ಕೊನೆಗೆ ರಿಪೇರಿ ಪಾಲನ್ನು ಹೊಡೆದುಹಾಕಿ ಚೆಕ್ ಕಳಿಸಿದರು. ಆ ವರ್ಷ ಕೈಯಿಂದ ನಲವತ್ತು ಸಾವಿರದ ಹತ್ತಿರ ಹೋಯಿತು.

ಬಸ್ ಚಾರ್ಜ್ ಮುಂಗಡ ಕೊಟ್ಟು ನೋಡಿದೆವು, ಅರ್ಧ ಜನ ಬರಲಿಲ್ಲ. ಈಗ ಬಂದ ಮೇಲೇ ಕೈಗೆ ಕೊಡುವುದು. ಅಂಗವಿಕಲರ ರಿಯಾಯಿತಿ ಪಾಸ್ ಇದೆಯಲ್ಲ ಅನ್ನುತ್ತಾರೆ. ನಮ್ಮಲ್ಲಿಗೆ ಬರುವ ಎಷ್ಟೋ ಜನರ ಹತ್ತಿರ ಅದಿಲ್ಲ. ಜೊತೆಗೆ ಬರುವವರಿಗಂತೂ ಟಿಕೆಟ್ ಬೇಕೇ ಬೇಕು. ದಾನಿಗಳ ಮುಂದೆ ನನ್ನ ಮಾತು ಗೆಲ್ಲಿಸಿದ್ದು ಶಕ್ತಿ ಯೋಜನೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಉಚಿತವಾದ ಮೇಲೆ ರೋಣ, ನವಲಗುಂದದ ಹೆಣ್ಣುಮಕ್ಕಳು ಹೇಳಿದ ತಾರೀಖಿಗೆ ಬರತೊಡಗಿದರು. ಗಂಡಸರು ಬರಲಿಲ್ಲ. ಆ ರಿಜಿಸ್ಟರ್ ತೋರಿಸಿದೆ. ಐನೂರು ರೂಪಾಯಿ ಯಾಕೆ ಅಂತ ಮತ್ತೆ ಯಾರೂ ಕೇಳಲಿಲ್ಲ.

ಬರದವರಿಗೆ ಫೋನ್ ಮಾಡುವವನು ತಾನೂ ಕೃತಕ ಕಾಲಿನವನೇ. ಕಾಬೂಲಿನ ರೆಡ್‌ಕ್ರಾಸ್ ಕೇಂದ್ರದಲ್ಲಿ ಕಾಲು ಕಳೆದುಕೊಂಡವರನ್ನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ, ಅಲ್ಲಿಂದ ಕಲಿತದ್ದು. ಮೊದಲ ಸಾಕೆಟ್‌ನ ಹಳೇ ಅಚ್ಚನ್ನೇ ಇಳಿದ ಸ್ಟಂಪಿನ ಅಳತೆಗೆ ಕೆರೆದು ಎರಡನೇ ಸಾಕೆಟ್ ಎಳೆಯುತ್ತೇನೆ, ಅದಕ್ಕೇ ಎರಡು ಸಾವಿರದಲ್ಲಿ ಮುಗಿಯುತ್ತದೆ. ಎಲ್ಲಿ, ಎಷ್ಟು ಕೆರೆಯಬೇಕು ಅನ್ನುವುದು ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ಇನ್ನೊಂದು ಪ್ರಯೋಗಕ್ಕೆ ಬಿದ್ದೆ. ನಮ್ಮ ಎರೆಹೊಲ ಗೊತ್ತಲ್ವಾ? ಮಳೆ ಬಿದ್ದರೆ ರಬ್ಬರ್ ಪಾದಕ್ಕೆ ಕಿಲೋಗಟ್ಟಲೆ ಮಣ್ಣು ಮೆತ್ತುತ್ತದೆ, ಬೆಲ್ಟು ಕಿತ್ತು ಬರುತ್ತದೆ. ಸೈಕಲ್ ಟೈರ್ ಪಟ್ಟಿ ಅಂಟಿಸಿದೆ, ಇನ್ನೂ ಜಾಸ್ತಿ ಮೆತ್ತಿತು. ನುಣುಪಾದ ಪಿಪಿ (ಪ್ಲಾಸ್ಟಿಕ್) ಶೀಟ್ ಅಡಿಗೆ ಹಾಕಿದೆ, ಮಣ್ಣು ಬಿಟ್ಟಿತು, ಆದರೆ ಮನೆಯ ಕಡಪಾ ಕಲ್ಲಿನ ಮೇಲೆ ಜಾರಿತು. ಕೊನೆಗೆ ಹೊಲಕ್ಕೆ ಮಾತ್ರ ಹಾಕಿ ಬಿಚ್ಚುವ ತಳ ಮಾಡಿದೆ. ನರಗುಂದದ ಒಬ್ಬ ರೈತರು ಎರಡು ಮುಂಗಾರು ಅದರಲ್ಲೇ ಹೊಲ ನೋಡಿದ್ದಾರೆ.

2025ರ ಜನವರಿಯಲ್ಲಿ ಅಮೆರಿಕ ಹೊರದೇಶದ ನೆರವನ್ನು 90 ದಿನ ತಡೆಹಿಡಿದಾಗ ನೆಲಬಾಂಬ್ ತೆರವಿನ ಕೆಲಸಗಳೂ ನಿಂತವು. ಆ ಸುದ್ದಿ ಓದಿ ನನಗೆ ಹೊಳೆದದ್ದು ಸಡಿಲವಾದ ಸಾಕೆಟ್‌ಗಳು. ದುಡ್ಡು ನಿಂತರೂ ಕಾಲು ಸವೆಯುವುದು ನಿಲ್ಲುವುದಿಲ್ಲ. ನಮ್ಮಲ್ಲೂ ಹೋದ ವರ್ಷ ದಾನದ ಹಣ ನಾಲ್ಕೈದು ತಿಂಗಳು ತಡವಾಯಿತು. ಹೊಸ ಕಾಲು ನಿಂತವು, ರಿಪೇರಿ ಒಂದು ದಿನವೂ ನಿಲ್ಲಲಿಲ್ಲ, ಪಾಲು ಎತ್ತಿಟ್ಟಿದ್ದೆನಲ್ಲ. ವರ್ಷದ ಮೇಲೂ ಕಾಲು ಹಾಕಿ ನಡೆಯುವವರು ಮೊದಲು ಹತ್ತರಲ್ಲಿ ನಾಲ್ಕೈದು ಜನ, ಈಗ ಎಂಟು.

ಎಕೆ (ಮೊಣಕಾಲಿನ ಮೇಲಿನಿಂದ ಬೇಕಾಗುವ) ಕಾಲಿಗೆ ಈ ಲೆಕ್ಕ ಇನ್ನೂ ಕೂತಿಲ್ಲ. ಮೊಣಕಾಲಿನ ಜಾಯಿಂಟ್ ಒಂದೇ ಎತ್ತಿಟ್ಟ ಪಾಲನ್ನೆಲ್ಲ ತಿನ್ನುತ್ತದೆ. ಹಾವೇರಿ ಕಡೆಯ ಐದಾರು ಜನರಿಗೆ ಪಾಲು ಇಮ್ಮಡಿ ಮಾಡಿ ನೋಡುತ್ತಿದ್ದೇನೆ.