ತೋಟದ ಹಕ್ಕಿ ಲೆಕ್ಕ ಬರೆದಿಡಿ, ಶುರು ಮಾಡುವುದು ಹೀಗೆ

"ಮೊದಲೆಲ್ಲ ತೋಟದಲ್ಲಿ ಮಂಗಟ್ಟೆ ಹಕ್ಕಿ ಎಷ್ಟಿದ್ದವು, ಈಗ ಕಮ್ಮಿ." ಕೊಡಗಿನ ವಿರಾಜಪೇಟೆ ಕಡೆ ಕಾಫಿ ತೋಟದ ಯಾವ ಮನೆಗೆ ಹೋದರೂ ಹಿರಿಯರು ಈ ಮಾತು ಹೇಳುತ್ತಾರೆ. ಎಷ್ಟು ಕಮ್ಮಿ, ಯಾವಾಗಿನಿಂದ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ, ಯಾಕೆಂದರೆ ಯಾರೂ ಬರೆದಿಟ್ಟಿಲ್ಲ. ದೇವರ ಹೆಸರಲ್ಲಿ ಊರವರು ಉಳಿಸಿಕೊಂಡು ಬಂದ ನಮ್ಮ ಕೊಡಗಿನ ದೇವರಕಾಡುಗಳ ಕಥೆ ಹಾಗಲ್ಲ. 1905ರಲ್ಲಿ 6,000 ಹೆಕ್ಟೇರಿಗಿಂತ ಜಾಸ್ತಿ ಇದ್ದ ದೇವರಕಾಡು 1985ರ ಹೊತ್ತಿಗೆ ಸುಮಾರು 2,500 ಹೆಕ್ಟೇರಿಗೆ ಇಳಿದಿತ್ತು. ಎರಡು ಸಲವೂ ಅಳತೆ ಬರೆದಿಟ್ಟಿದ್ದರಿಂದಲೇ ಅರ್ಧಕ್ಕಿಂತ ಜಾಸ್ತಿ ಹೋಯಿತು ಅಂತ ಇವತ್ತು ಹೇಳಲು ಆಗುತ್ತಿದೆ. ತೋಟದ ಹಕ್ಕಿಗಳಿಗೂ ಅಂಥದ್ದೊಂದು ಲೆಕ್ಕ ಬೇಕು. ಅದನ್ನು ತೋಟದವರೇ ಮಾಡಬಹುದು.

ಬೇಕಾಗುವುದು ಒಂದು ನೋಟ್‌ಬುಕ್, ಪೆನ್ನು, ವಾಚು. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಿಲ್ಲಿಸಬೇಡಿ. ನಮ್ಮ ತೋಟಗಳಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ ಜಾಸ್ತಿ.

ಮೊದಲು ನಿಲ್ಲುವ ಜಾಗ ಗೊತ್ತು ಮಾಡಿ. ನಾಲ್ಕೈದು ಸಾಕು. ಒಂದರಿಂದ ಇನ್ನೊಂದಕ್ಕೆ ಕನಿಷ್ಠ 200 ಮೀಟರ್ ಅಂತರ ಇರಲಿ, ಇಲ್ಲದಿದ್ದರೆ ಒಂದೇ ಕುಟ್ರು ಹಕ್ಕಿಯ ಕೂಗನ್ನು ಎರಡು ಸಲ ಎಣಿಸಿಬಿಡುತ್ತೀರಿ. ಒಂದು ಜಾಗ ಕಾಡುಮರದ ನೆರಳಿನಲ್ಲಿ, ಒಂದು ಬರೀ ಸಿಲ್ವರ್ ಓಕ್ ಇರುವ ಕಡೆ, ಇನ್ನೊಂದು ಗದ್ದೆ ಅಥವಾ ತೋಡಿನ ಪಕ್ಕ. ದೇವರಕಾಡು ಹತ್ತಿರ ಇದ್ದರೆ ಅದರ ಅಂಚಿನಲ್ಲೂ ಒಂದು. ಹಕ್ಕಿ ಜಾಸ್ತಿ ಸಿಗುವ ಜಾಗಗಳನ್ನೇ ಆರಿಸಬೇಡಿ, ಆಗ ಲೆಕ್ಕ ಸುಳ್ಳು ಹೇಳುತ್ತದೆ.

ಬೆಳಿಗ್ಗೆ ಆರೂವರೆಯಿಂದ ಒಂಬತ್ತರ ಒಳಗೆ ಮುಗಿಸಿ. ಹೋಗಿ ನಿಂತು ಎರಡು ನಿಮಿಷ ಸುಮ್ನಿರಿ. ಆಮೇಲೆ ಸರಿಯಾಗಿ 10 ನಿಮಿಷ, ಸುತ್ತ 50 ಮೀಟರ್ ಒಳಗೆ ಕಂಡದ್ದು, ಕೇಳಿದ್ದು ಎಲ್ಲ ಬರೆಯಿರಿ. ತಾರೀಕು, ಗಂಟೆ, ಮೋಡವೋ ಬಿಸಿಲೋ, ಪಕ್ಕದ ಬ್ಲಾಕಿನಲ್ಲಿ ಕುಯ್ಲು ನಡೆಯುತ್ತಿತ್ತೋ, ಇವೂ ಇರಲಿ. ಜೋರು ಮಳೆಯಲ್ಲಿ ಎಣಿಸಬೇಡಿ, ಏನೂ ಕೇಳಿಸುವುದಿಲ್ಲ. ತಿಂಗಳಿಗೊಮ್ಮೆ ಆದರೆ ಚೆನ್ನ. ಆಗದಿದ್ದರೆ ಜನವರಿ ಮತ್ತು ಮೇ, ಎರಡೇ ಸಲ ಮಾಡಿ, ಆದರೆ ಪ್ರತಿ ವರ್ಷ ಬಿಡದೆ ಮಾಡಿ.

ಒಂದು ಮಾತು ಬಿಡಿಸಿ ಹೇಳಬೇಕು. ಮೊದಲ ವರ್ಷ ನಾನು ಭೀಮರಾಜ, ಮಂಗಟ್ಟೆ, ಸರಳೆ ಸಿಳ್ಳಾರ ಇಂಥವನ್ನು ಮಾತ್ರ ಬರೆದೆ. ಪಿಕಳಾರ, ಗೊರವಂಕ, ಮಡಿವಾಳ ದಿನಾ ಕಾಣುತ್ತವೆ ಅಂತ ಬಿಟ್ಟೆ. ಈಗ ಆ ಪುಟಗಳನ್ನು ನೋಡಿದರೆ ಅವತ್ತು ಮಡಿವಾಳ ಇರಲಿಲ್ಲವೋ, ನಾನು ಬರೆಯಲಿಲ್ಲವೋ ಗೊತ್ತಾಗುವುದಿಲ್ಲ. ಪಟ್ಟಿ ಪೂರ್ತಿ ಇದ್ದರೆ ಮಾತ್ರ ಅದರಲ್ಲಿ ಇಲ್ಲದ ಹಕ್ಕಿಗೂ ಅರ್ಥ ಬರುತ್ತದೆ. ಭಾರತದ ಹಕ್ಕಿಗಳ ಸ್ಥಿತಿಗತಿ ಬಗ್ಗೆ 2023ರಲ್ಲಿ ಬಂದ ವರದಿ 942 ಜಾತಿಗಳನ್ನು ನೋಡಿ, 178ಕ್ಕೆ ಬೇಗ ಗಮನ ಕೊಡಬೇಕು ಅಂತ ಹೇಳಿತು. ಅದರ ಹಿಂದೆ ಇದ್ದದ್ದು 30,000ಕ್ಕೂ ಜಾಸ್ತಿ ಹವ್ಯಾಸಿಗಳು ಬರೆದ ಪಟ್ಟಿಗಳು. ನಮ್ಮ ರಾಜ್ಯಪಕ್ಷಿ ನೀಲಕಂಠ ಇಳಿಮುಖದಲ್ಲಿದೆ ಅಂತ ತಿಳಿದದ್ದೂ ಹೀಗೇ. ಅದು ಒಂದು ಕಾಲದಲ್ಲಿ ತಂತಿ ಮೇಲೆ ಎಲ್ಲೆಂದರಲ್ಲಿ ಕೂತಿರುತ್ತಿದ್ದ ಹಕ್ಕಿ, ಅಲ್ವಾ?

ಹಕ್ಕಿಯ ಜೊತೆ ಮರವನ್ನೂ ಬರೆಯಿರಿ, ಇದನ್ನು ವರ್ಷಕ್ಕೆ ಒಮ್ಮೆ ಮಾಡಿದರೆ ಸಾಕು. ನಿಂತ ಜಾಗದ ಸುತ್ತ ಯಾವ ಮರ ಎಷ್ಟಿವೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಸುತ್ತಳತೆ ಎಷ್ಟು. ದರ್ಜಿಯ ಟೇಪು ನಡೆಯುತ್ತದೆ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ಬೇಗ ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹತ್ತಿಸಲು ಅನುಕೂಲ. ಆದರೆ ಹಕ್ಕಿ ತಿನ್ನುವ ಹಣ್ಣು ಅದರಲ್ಲಿ ಆಗುವುದಿಲ್ಲ. ಅತ್ತಿ, ಬಸರಿ, ಗೋಳಿ ಹಣ್ಣು ಬಿಟ್ಟಾಗ ಒಮ್ಮೆ ಕೆಳಗೆ ನಿಂತು ನೋಡಿ, ವ್ಯತ್ಯಾಸ ನಿಮಗೇ ಕಾಣುತ್ತದೆ. ಮರಕಪಾತು, ಅಂದರೆ ನೆರಳು ಮರದ ಕೊಂಬೆ ಕಡಿಯುವ ಕೆಲಸ, ಆದ ತಿಂಗಳನ್ನೂ ಗುರುತು ಹಾಕಿ, ನೆರಳು ತೆಗೆದ ಮೇಲೆ ಹಕ್ಕಿ ಬದಲಾಗುತ್ತವೆ.

ಸಮಯ ಇದ್ದರೆ ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ಜೇನನ್ನೂ ಎಣಿಸಿ. ರೋಬಸ್ಟಾ ಕಾಫಿ ಗಿಡಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಮತ್ತು ಕೊಡಗಿನ ತೋಟಗಳಲ್ಲೇ ನಡೆದ ಅಧ್ಯಯನದಲ್ಲಿ ಈ ಕೆಲಸಕ್ಕೆ ಹೆಜ್ಜೇನೇ ಮುಖ್ಯ ಅಂತ ಕಂಡುಬಂದಿದೆ. ಹೂವು ನಿಲ್ಲುವುದು ಎರಡು ಮೂರು ದಿನ ಮಾತ್ರ. ಐದು ಗಿಡ ಆರಿಸಿ, ಒಂದೊಂದರ ಮುಂದೆ 10 ನಿಮಿಷ ನಿಂತು ಹೆಜ್ಜೇನು ಎಷ್ಟು, ತುಡುವೆ ಎಷ್ಟು, ಮುಜಂಟಿ ಎಷ್ಟು ಬರೆಯಿರಿ. ಆ ವಾರ ಔಷಧಿ ಹೊಡೆದಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.

ಹೊರಡುವ ಮೊದಲು ಆನೆ ಎಲ್ಲಿದೆ ಅಂತ ಲೈನ್ ಮನೆಯಲ್ಲಿರುವ ತೋಟದ ಕೆಲಸದವರನ್ನು ಕೇಳಿಕೊಳ್ಳಿ. ಒಬ್ಬರೇ ಹೋಗಬೇಡಿ, ಯಾವ ಲೆಕ್ಕವೂ ಜೀವಕ್ಕಿಂತ ದೊಡ್ಡದಲ್ಲ. ಕೂಗು ಕೇಳಿ ಹಕ್ಕಿ ಹೇಳುವುದನ್ನು ನಾನು ಕಲಿತದ್ದು ಹೆಚ್ಚಾಗಿ ತೋಟದ ಕೆಲಸದ ಯರವ ಬುಡಕಟ್ಟಿನ ಅಣ್ಣಂದಿರಿಂದ. ಅವರು ಹೇಳುವ ಹೆಸರನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯಬೇಡಿ, ಗೂಡು ಎಲ್ಲಿದೆ ಅಂತ ಯಾರಿಗೂ ಹಂಚಬೇಡಿ.

ಪಟ್ಟಿಯನ್ನು ಹಕ್ಕಿ ಲೆಕ್ಕ ದಾಖಲಿಸುವ ಇ-ಬರ್ಡ್ ಆ್ಯಪಿಗೆ ಹಾಕಿ, ದುಡ್ಡು ಕೊಡಬೇಕಿಲ್ಲ, ಸಂಶೋಧಕರಿಗೂ ಸಿಗುತ್ತದೆ. ಇನ್ನೊಂದು ಪ್ರತಿ ಪಂಚಾಯಿತಿಗೆ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಪುಸ್ತಕವೂ ಇರಬೇಕು. ಅದನ್ನು ತೋರಿಸಿ ಅಂತ ಕೇಳಿ, ನಿಮ್ಮ ಪಟ್ಟಿ ಅದರೊಳಗೆ ಸೇರಲಿ. ನೋಟ್‌ಬುಕ್ ಮಾತ್ರ ಮನೆಯಲ್ಲೇ ಇಟ್ಟುಕೊಳ್ಳಿ. ಮಳೆಗಾಲದ ತೇವಕ್ಕೆ ಸಿಗದ ಹಾಗೆ ಡಬ್ಬಿಯಲ್ಲಿ ಹಾಕಿಡಿ. ಎಣಿಸಿದ ಜಾಗಗಳ ನಕ್ಷೆಯನ್ನು ಮೊದಲ ಪುಟದಲ್ಲೇ ಬರೆದು, ಡಬ್ಬಿ ಎಲ್ಲಿದೆ ಅಂತ ಮಕ್ಕಳಿಗೆ ಹೇಳಿಡಿ.