ಟಿಕೆಟ್ ಅಲ್ಲ, ವೀಳ್ಯ: ನನ್ನ ಸಿನೆಮಾದ ನಾಲ್ಕು ತಿರುಗಾಟ

ಸಿನೆಮಾವನ್ನು ಯಕ್ಷಗಾನದ ಹಾಗೆ ಮನೆ ಅಂಗಳಕ್ಕೆ ಒಯ್ದು ವೀಳ್ಯ (ಆಟ ಆಡಿಸುವ ಮನೆಯವರು ಮೇಳಕ್ಕೆ ಕೊಡುವ ಹಣ) ಪಡೆಯುತ್ತೇನೆ ಎಂದಾಗ ಗಾಂಧಿನಗರದ ವಿತರಕರೊಬ್ಬರು ಚಹಾದ ಲೋಟ ಕೆಳಗಿಟ್ಟು ನಕ್ಕಿದ್ದರು. ಊರಲ್ಲೂ ಅಷ್ಟೇ. ನನ್ನ ಭಾವ ಮಾತ್ರ ನಗಲಿಲ್ಲ. ಅವರಿಗೆ ನಾನು ಮೂರು ಲಕ್ಷ ಕೊಡಬೇಕಿತ್ತು.

ಮೊದಲು ದುಡ್ಡಿನ ಕಥೆ. 98 ನಿಮಿಷದ ಸಿನೆಮಾ, 19 ದಿನದ ಶೂಟಿಂಗ್, ಎಲ್ಲ ಸೇರಿ ಹತ್ತೊಂಬತ್ತು ಲಕ್ಷದ ಹತ್ತಿರ. ಮದುವೆ ವಿಡಿಯೊ ಮಾಡಿ ಉಳಿಸಿದ್ದು, ಹೆಂಡತಿಯ ಒಡವೆ ಅಡವಿಟ್ಟದ್ದು, ಒಂದು ಚೀಟಿ ಎತ್ತಿದ್ದು, ಭಾವನ ಮೂರು ಲಕ್ಷ. ಜನರಿಂದ ಸಂಗ್ರಹಿಸಲೂ ನೋಡಿದ್ದೆ. 1976ರಲ್ಲಿ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಹಾಕಿ 'ಮಂಥನ್' ಮಾಡಿಸಿದ್ದು, 2013ರಲ್ಲಿ ಪವನ್ ಕುಮಾರ್ ನೋಡುಗರ ದುಡ್ಡಿನಿಂದಲೇ 'ಲೂಸಿಯಾ' ಮಾಡಿದ್ದು ತಲೆಯಲ್ಲಿತ್ತು. ನನಗೆ ಬಂದದ್ದು ಒಂದು ಲಕ್ಷ ನಲವತ್ತು ಸಾವಿರ, ಅದರಲ್ಲಿ ಮುಕ್ಕಾಲು ಪಾಲು ನೆಂಟರದ್ದು. ಅದು ಸಂಗ್ರಹವಲ್ಲ, ಮುಯ್ಯಿ.

2018ರಲ್ಲಿ ಬಿಡುಗಡೆ. ಬೆಂಗಳೂರು, ಮಂಗಳೂರು ಸೇರಿ ಐದು ಥಿಯೇಟರ್. ಬಾಡಿಗೆ, ಪೋಸ್ಟರ್, ಪ್ರೊಜೆಕ್ಷನ್ ಶುಲ್ಕ ಎಂದು ಮೂರೂವರೆ ಲಕ್ಷ ಹೋಯಿತು. ವಾರ ಮುಗಿಯುವಾಗ ನನ್ನ ಕೈಗೆ ಬಂದದ್ದು ಹತ್ತೊಂಬತ್ತು ಸಾವಿರ. ಒಂದು ಬೆಳಗಿನ ಪ್ರದರ್ಶನಕ್ಕೆ ಇದ್ದವರು ಏಳು ಜನ, ಅದರಲ್ಲಿ ಇಬ್ಬರು ನಮ್ಮ ಸೌಂಡ್ ಹುಡುಗರು. ಓಟಿಟಿಯವರು ಥಿಯೇಟರಿನಲ್ಲಿ ಎಷ್ಟು ದಿನ ಓಡಿತು ಎಂದು ಕೇಳಿದರು. ಹೇಳಿದೆ. ಆಮೇಲೆ ಅವರು ಫೋನ್ ಎತ್ತಲಿಲ್ಲ.

ಆ ನವೆಂಬರಿನಲ್ಲಿ ನೆಂಟರ ಮನೆಯ ಹರಕೆ ಆಟಕ್ಕೆ, ಅಂದರೆ ದೇವರಿಗೆ ಹರಕೆ ಹೊತ್ತು ಆಡಿಸುವ ಯಕ್ಷಗಾನಕ್ಕೆ ಹೋಗಿದ್ದೆ. ರಾತ್ರಿ ಎರಡು ಗಂಟೆಗೆ ವೇಷ ಕಟ್ಟುವ ಚೌಕಿಯ ಹಿಂದೆ ಬೀಡಿ ಸೇದುತ್ತಾ ಕುಳಿತಾಗ ಹೊಳೆಯಿತು. ಟಿಕೆಟ್ ನಂಬಿದ ಟೆಂಟ್ ಮೇಳಗಳು ಒಂದೊಂದಾಗಿ ಕಡಿಮೆಯಾದವು. ಹರಕೆ ಮೇಳಗಳು ಮಾತ್ರ ಗಟ್ಟಿಯಾಗಿ ನಿಂತವು. ಮಂದಾರ್ತಿ ಮೇಳದ ಆಟ ಬುಕ್ ಮಾಡಿದವರು ವರ್ಷಗಟ್ಟಲೆ ಕಾಯುತ್ತಾರೆ. ಒಬ್ಬ ವೀಳ್ಯ ಕೊಡುತ್ತಾನೆ, ಊರೆಲ್ಲ ಪುಕ್ಕಟೆ ನೋಡುತ್ತದೆ, ಹೆಸರು ಆ ಮನೆಗೆ. ಸಿನೆಮಾಕ್ಕೆ ದೇವರ ಹರಕೆ ಇಲ್ಲ, ನಿಜ. ಆದರೆ ಗೃಹಪ್ರವೇಶ ಇದೆ, ಉಪನಯನ ಇದೆ, ಹಾಲಿನ ಸೊಸೈಟಿಯ ವಾರ್ಷಿಕೋತ್ಸವ ಇದೆ, ಶಾಲೆಯ ಬೆಳ್ಳಿಹಬ್ಬ ಇದೆ.

ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್, ಪರದೆ, ಸ್ಪೀಕರ್ ಸೇರಿ ಎರಡು ಲಕ್ಷ ಇಪ್ಪತ್ತು ಸಾವಿರ. ಇದೂ ಸಾಲವೇ.

ಮೊದಲ ಪ್ರದರ್ಶನ ಬೈಂದೂರಿನ ಕಡೆ, ಪುಕ್ಕಟೆ. ಎರಡು ಅಡಿಕೆ ಮರದ ಕಂಬಕ್ಕೆ ಪರದೆ ಕಟ್ಟಿದ್ದೆ. ಏಳೂವರೆಗೆ ಕಡಲ ಗಾಳಿ ಎದ್ದಿತು, ಪರದೆ ದೋಣಿಯ ಹಾಯಿಯಾಯಿತು, ಒಂದು ಕಂಬ ಲಟಕ್ಕೆಂದು ಮುರಿಯಿತು. ಮತ್ತೆ ಕಟ್ಟಿ ಶುರು ಮಾಡಿದರೆ ಹಿನ್ನೆಲೆ ಸಂಗೀತ ಬರುತ್ತಿದೆ, ಮಾತು ಬರುತ್ತಿಲ್ಲ! ಥಿಯೇಟರಿಗೆ ಮಾಡಿಸಿದ 5.1 ಮಿಕ್ಸ್, ಅಂದರೆ ಸದ್ದನ್ನು ಆರು ಚಾನೆಲ್‌ಗೆ ಹಂಚಿದ್ದು, ಹಾಗೇ ಇತ್ತು. ನಾನು ಜೋಡಿಸಿದ್ದು ಎಡ, ಬಲ ಎರಡೇ ಚಾನೆಲ್. ಮಾತೆಲ್ಲ ನಡುವಿನ ಚಾನೆಲ್‌ನಲ್ಲಿ ಕೂತಿತ್ತು. ಹದಿನೈದು ನಿಮಿಷ ಜನ ಮೂಕಿ ಚಿತ್ರ ನೋಡಿದರು. ಒಬ್ಬ ಅಜ್ಜಿ ಎದ್ದು ಹೋಗುತ್ತಾ, "ಚಂದ ಇತ್ತ್ ಮಗಾ, ಆರೆ ಎಂತಕೆ ಯಾರೂ ಮಾತಾಡ್ಲಿಲ್ಲೆ?" ಎಂದರು. ಅಂಗಳಕ್ಕೆಂದೇ ಬೇರೆ ಮಿಕ್ಸ್ ಮಾಡಿಸಲು ಇಪ್ಪತ್ತೆಂಟು ಸಾವಿರ ಆಯಿತು. ಆ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ. ಅಂಗಳದಲ್ಲಿ ಸ್ಪೀಕರ್ ಎಲ್ಲಿಡಬೇಕು ಎನ್ನುವುದಕ್ಕೆ ನನ್ನದೇ ಒಂದು ಲೆಕ್ಕವಿದೆ, ಅದು ನನ್ನ ಬಳಿಯೇ ಇರಲಿ.

ವೋಲ್ಟೇಜ್ ಇನ್ನೊಂದು ತಲೆನೋವು. ಎದುರು ಮನೆಯವರು ಪಂಪ್ ಹಾಕಿದರೆ 170ಕ್ಕೆ ಇಳಿಯುತ್ತದೆ, ಪ್ರೊಜೆಕ್ಟರ್ ಕಣ್ಣು ಮುಚ್ಚುತ್ತದೆ. ಈಗ ಇನ್ವರ್ಟರ್ ಜೊತೆಗೇ ಹೋಗುತ್ತದೆ, ಪಂಪಿನ ಮನೆಯವರಿಗೆ ಮೊದಲ ಸಾಲಿನಲ್ಲಿ ಕುರ್ಚಿ.

ಒಮ್ಮೆ ವೀಳ್ಯದ ಜೊತೆಗೆ ಇನ್ನಷ್ಟು ಸಿಗಲಿ ಎಂದು, ಸಿನೆಮಾ ಮುಗಿದ ಬಳಿಕ ಜನರ ಮುಂದೆ ಟವೆಲ್ ಹಿಡಿದೂ ನೋಡಿದೆ. ಮನೆಯ ಯಜಮಾನರ ಮುಖ ಕೆಂಪಾಯಿತು. "ನಮ್ಮನಿಗ್ ಬಂದ ಜನರತ್ರ ದುಡ್ಡ್ ಕೇಣುದಾ?" ಅವರ ಮಾತೇ ಸರಿ. ಟವೆಲ್ ಮಡಚಿಟ್ಟೆ. ಇಂಟರ್ವಲ್ ಕೂಡ ತೆಗೆದೆ. ಬಿಟ್ಟರೆ ಅರ್ಧ ಜನ ಊಟದ ಕಡೆ ಹೋಗಿ ತಿರುಗಿ ಬರುವುದಿಲ್ಲ. ಊಟ ಸಿನೆಮಾ ಮುಗಿದ ಮೇಲೆಯೇ ಎಂದು ಮೊದಲೇ ಮಾತಾಗಬೇಕು.

ಅಂಗಳವಾದರೂ ಸಾರ್ವಜನಿಕ ಪ್ರದರ್ಶನವೇ, ಸೆನ್ಸಾರ್ ಪತ್ರ ಬೇಕು. ಅಲ್ಲಿ ನನ್ನದೇ ಒಂದು ದಡ್ಡತನ. ಮೂರು ಶಾಟ್‌ನಲ್ಲಿ ಹಸು ಇತ್ತು, ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಗೆ ಶೂಟಿಂಗಿಗೆ ಮೊದಲು ಅರ್ಜಿಯನ್ನೇ ಹಾಕಿರಲಿಲ್ಲ. ಕೊನೆಗೆ ಹಸುವನ್ನೇ ಕತ್ತರಿಸಿ, ಕೊರಳ ಗಂಟೆಯ ಸದ್ದು ಮಾತ್ರ ಉಳಿಸಿದೆ. ಈಗ ನೋಡಿದವರೆಲ್ಲ ಹಸುವಿನ ಸೀನ್ ಚೆನ್ನಾಗಿದೆ ಎನ್ನುತ್ತಾರೆ.

ಸದ್ದಿನ ಮಾತು ಬಂದದ್ದಕ್ಕೆ: ಜುಲೈ ಮಳೆಯಲ್ಲಿ ತಗಡಿನ ಮಾಡಿನಡಿ ಸಿಂಕ್ ಸೌಂಡ್ (ಶೂಟಿಂಗ್ ಜಾಗದಲ್ಲೇ ಮಾತು ದಾಖಲಿಸುವುದು) ಆಗುವುದಿಲ್ಲ ಎಂದು ಎಲ್ಲರೂ ಅಂದಿದ್ದರು. ತಗಡಿನ ಮೇಲೆ ಒಂದು ಗೇಣು ಒಣಹುಲ್ಲು ಹಾಸಿ ಬಲೆ ಕಟ್ಟಿಸಿದೆ. ಮಳೆ ಬಡಿಯುವುದು ನಿಂತು ಪಿಸುಗುಟ್ಟತೊಡಗಿತು. ಎರಡು ಸಾವಿರದ ಹುಲ್ಲು, ಡಬ್ಬಿಂಗಿನ ಐವತ್ತು ಸಾವಿರ ಉಳಿಸಿತು. ಆ ಹುಲ್ಲನ್ನು ಆಮೇಲೆ ತಿಂದದ್ದು ಕತ್ತರಿಸಿ ಹೋದ ಅದೇ ಹಸು.

ಮೊದಲ ತಿರುಗಾಟದಲ್ಲಿ, ಅಂದರೆ ಮೇಳಗಳ ಹಾಗೆ ಊರೂರು ತಿರುಗಿದ ಮೊದಲ ವರ್ಷ, ನಲವತ್ತೊಂದು ಪ್ರದರ್ಶನ, ಒಂದೊಂದಕ್ಕೆ ವೀಳ್ಯ ಹದಿನಾಲ್ಕು ಸಾವಿರದ ಸುತ್ತ. ಪಿಕಪ್ ಡೀಸೆಲ್, ಇಬ್ಬರು ಹುಡುಗರ ಸಂಬಳ ಕಳೆದರೆ ಒಂಬತ್ತು, ಒಂಬತ್ತೂವರೆ ಸಾವಿರ ಉಳಿಯುತ್ತಿತ್ತು. ಎರಡನೆಯದರಲ್ಲಿ ವೀಳ್ಯ ಹದಿನೆಂಟಕ್ಕೆ ಏರಿಸಿದೆ, ಯಾರೂ ಗೊಣಗಲಿಲ್ಲ. ನಲವತ್ತೆಂಟು ಆಗುವಾಗ 2020ರ ಮಾರ್ಚ್ ಬಂತು, ಎಲ್ಲ ಬಂದ್. ತೆಗೆದುಕೊಂಡ ಮುಂಗಡವನ್ನು ನಾನೇ ಮನೆ ಮನೆಗೆ ಹೋಗಿ ಕೊಟ್ಟು ಬಂದೆ. ಮುಂದಿನ ಬುಕಿಂಗ್ ಬಂದದ್ದೆಲ್ಲ ಆ ಮನೆಗಳಿಂದಲೇ. 2021–22ರಲ್ಲಿ ಅರವತ್ತರ ಮೇಲೆ. ನಾಲ್ಕನೇ ತಿರುಗಾಟದ ಪತ್ತನಾಜೆಗೆ (ಮೇಳಗಳ ತಿರುಗಾಟ ಮುಗಿಯುವ ದಿನ) ಹಾಕಿದ ಅಸಲು ಕೈಸೇರಿತು. ಬಡ್ಡಿಯ ಲೆಕ್ಕ ಕೇಳಬೇಡಿ. ಭಾವನಿಗೆ ಕೊಟ್ಟಾಯಿತು.

ದಿನ ಗೊತ್ತು ಮಾಡುವಾಗ ಯಜಮಾನರ ಬಳಿ ಮೊದಲು ಯಾವ ಮಾತು ಎತ್ತುತ್ತೇನೆ ಎಂದು ಇಬ್ಬರು ಗೆಳೆಯ ನಿರ್ದೇಶಕರು ಕೇಳಿದ್ದಾರೆ. ಅವರಿಗೂ ಹೇಳಿಲ್ಲ. ಒಂದು ಮಾತ್ರ ಹೇಳುತ್ತೇನೆ: ಸಿನೆಮಾ ಇರುವ ಪೆನ್ ಡ್ರೈವ್ ಯಾರ ಕೈಗೂ ಕೊಡಬೇಡಿ, ಸ್ವಂತ ಮಾವನಿಗೂ.

ಎರಡನೇ ಸಿನೆಮಾದ ಎಡಿಟಿಂಗ್ ಈಗ ನಡೆಯುತ್ತಿದೆ. ರಾತ್ರಿಯ ದೃಶ್ಯ ನಾಲ್ಕೇ ನಾಲ್ಕು ಇಟ್ಟಿದ್ದೇನೆ, ಅವನ್ನೂ ಒಂದು ಕೈ ಹೆಚ್ಚೇ ಬೆಳಕು ಮಾಡಿ ತೆಗೆದಿದ್ದೇನೆ. ಹುಣ್ಣಿಮೆಯ ಅಂಗಳದಲ್ಲಿ ಪರದೆಯ ಮೇಲಿನ ಕಪ್ಪು ಬಣ್ಣ ಕಪ್ಪಾಗಿ ಕಾಣುವುದಿಲ್ಲ, ಬೂದು ಬಣ್ಣವಾಗುತ್ತದೆ. ಚಿತ್ರದ ಬಣ್ಣ, ಬೆಳಕು ಹೊಂದಿಸುವ ಕಲರಿಸ್ಟ್ ಹುಡುಗನಿಗೆ ಇದು ಹಿಡಿಸಿಲ್ಲ, ರಾತ್ರಿ ಎಂದರೆ ರಾತ್ರಿಯ ಹಾಗೆ ಇರಬೇಕು ಎನ್ನುತ್ತಾನೆ. ಬರುವ ಡಿಸೆಂಬರಿನಲ್ಲಿ ಪಿಕಪ್‌ನಲ್ಲಿ ಅವನನ್ನೂ ಕೂರಿಸಿಕೊಂಡು ಹೋಗುತ್ತೇನೆ.