ಗಗನಚುಕ್ಕಿಯಲ್ಲಿ ಕೈಕೊಟ್ಟ ಬೈಕ್

ಮಳೆಗಾಲದ ಭಾನುವಾರ ಗೆಳೆಯನ ಜೊತೆ ಮಂಡ್ಯದಿಂದ ಮಳವಳ್ಳಿ ದಾಟಿ ಗಗನಚುಕ್ಕಿಗೆ ಹೋಗಿದ್ದೆ. ಕಾವೇರಿ ಬಂಡೆಗಳ ಮೇಲೆ ಹಾಲಿನಂತೆ ಧುಮುಕುತ್ತಿದ್ದಳು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು ಇಲ್ಲಿಂದಲೇ. ನಮ್ಮ ಬೈಕಿಗೆ ಮಾತ್ರ ಕಿಡಿಯೇ ಇಲ್ಲ!

ನೆನೆದು ನಿಂತ ಗಾಡಿಗೆ ಗೆಳೆಯ ಕಿಕ್ ಹೊಡೆದೇ ಹೊಡೆದ. ಪೆಟ್ರೋಲ್ ವಾಸನೆ ಜಾಸ್ತಿಯಾಯಿತು.

"ಸುಮ್ಕಿರ್ಲಾ, ಇಂಜಿನ್‌ಗೆ ಪೆಟ್ರೋಲ್ ತುಂಬ್ಕೊಂಡದೆ" ಎಂದೆ.

ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒದ್ದೆಯೋ ಒದ್ದೆ. ಅದರ ಮೇಲಿನ ಕ್ಯಾಪಿನೊಳಗೂ ನೀರು. ಪೆಟ್ರೋಲ್ ಬಂದ್ ಮಾಡಿ, ಕೀ ಆಫ್ ಇಟ್ಟು, ಪ್ಲಗ್ ಇಲ್ಲದೆ ಏಳೆಂಟು ಕಿಕ್ ಹೊಡೆದೆ. ಪ್ಲಗ್, ಕ್ಯಾಪ್ ಎರಡನ್ನೂ ಬನಿಯನ್ನಿನಲ್ಲಿ ಒರೆಸಿದೆ (ಒಣಗಿದ್ದ ಬಟ್ಟೆ ಅದೊಂದೇ). ಮತ್ತೆ ಜೋಡಿಸಿ, ಪೆಟ್ರೋಲ್ ಬಿಟ್ಟು, ಚೋಕ್ ಎಳೆಯದೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕಿಕ್ ಹೊಡೆದೆ. ಮೂರನೆಯದಕ್ಕೆ ಹೊಗೆ ಕಾರಿ ಸ್ಟಾರ್ಟ್ ಆಯಿತು.

ಕ್ಯಾಪಿನ ರಬ್ಬರ್ ಸೀಳಿತ್ತು. ಮಳವಳ್ಳಿಯಲ್ಲಿ ಹೊಸದು ಹಾಕಿಸಿದೆ.